ಕಂಡರಾಗದು ಎಂಬುದು ಕಾರಣವಾದೀತೆ?

1

2023ರ ವಿಧಾನಸಭಾ ಚುನಾವಣೆಗೆ ನಾಲ್ಕೈದು ದಿನ ಬಾಕಿ ಇದ್ದಾಗ ಒಂದು ಕಟ್ಟು ಕರಪತ್ರ ಹಿಡಿದುಕೊಂಡು ನಮ್ಮೂರಿನ ಕೇರಿಗೆ ಹೋಗಿದ್ದೆ. ಊರು ಚಾಮರಾಜನಗರದ ಕಡೆಯದು. ಆಗ ಆಳುತ್ತಿದ್ದ ಪಕ್ಷವನ್ನು ಸೋಲಿಸಬೇಕು ಅಂತ ಹಲವು ಸಂಘಟನೆಗಳು ಸೇರಿ ಪ್ರಚಾರ ಮಾಡುತ್ತಿದ್ದವು, ಅದರಲ್ಲಿ ನಾನೂ ಒಬ್ಬ. ಕಾಲೇಜಿನಲ್ಲಿ ಪಾಠ ಹೇಳುವವನು ಎಂಬ ಕಾರಣಕ್ಕೆ ಕೇರಿಯವರು ರಾಮಂದಿರದ ಕಟ್ಟೆಯ ಮೇಲೆ ಕೂತು ನನ್ನ ಮಾತನ್ನು ಕೇಳಿಸಿಕೊಂಡರು. ಕರಪತ್ರದಲ್ಲಿ ನಾವು ಯಾರನ್ನು ಸೋಲಿಸಬೇಕೋ ಅವರ ಬಗ್ಗೆ ಎರಡು ಪುಟ ಇತ್ತು. ಯಾರಿಗೆ ಓಟು ಹಾಕಿ ಅಂತಿದ್ದೆವೋ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಕಣ್ಣಿಗೆ ಬಿದ್ದದ್ದು ಓದಲು ಬಾರದ ನಮ್ಮಜ್ಜಿಗೆ. ಸಭೆ ಮುಗಿದು ಮನೆಗೆ ಬಂದರೆ ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದವಳು ಕೇಳಿದಳು: "ಅಂವ್ನ ಕಂಡ್ರ ನಿಮ್ಗ ಆಗದು, ಸರಿ. ಅದ್ಕ ಇಂವ್ನಿಗ ಹಾಕಿ ಅಂತೀರಿ. ಇಂವ ಯಾರು, ಏನ್ ಮಾಡ್ದ ಅಂತ ಕೇಳದು ಯಾವಾಗ್ಲಾ ಮಗ? ಸುಡುಗಾಡ್ಗ ಹೋಗ ದಾರಿ ಮಾತ ಇಂವ್ನತ್ರ ಎತ್ತಿದ್ದೀರಾ?"

ನಮ್ಮ ಕೇರಿಗೆ ಹೆಣ ಹೂಳುವ ಜಾಗವೇನೋ ಇದೆ, ಅಲ್ಲಿಗೆ ದಾರಿ ಇಲ್ಲ. ಊರಿನವರ ಹೊಲದ ಬದುವಿನ ಮೇಲೆ, ಅವರ ಮರ್ಜಿ ನೋಡಿಕೊಂಡು ಹೋಗಬೇಕು. ನಾನು ನಕ್ಕು, "ಮೊದ್ಲು ಅಂವ ಹೋಗ್ಲಿ ಅಜ್ಜಿ, ಆಮೇಲ ಇಂವ್ನ ಕೇಳದು" ಅಂದೆ. ಆಕೆ "ಆಮೇಲ" ಅಂತ ನನ್ನ ಮಾತನ್ನೇ ಒಂದು ಸಲ ತಿರುಗಿ ಅಂದು ಸುಮ್ಮನಾದಳು.

ಈ ಬರಹ ಆ "ಆಮೇಲ" ಎಂಬ ಮಾತಿನ ಬಗ್ಗೆ. ಒಬ್ಬ ನಾಯಕನನ್ನು ಕಂಡರಾಗದು ಎಂಬುದಷ್ಟೇ ಅವನ ಎದುರಾಳಿಗೆ ಓಟು ಹಾಕಲು ಸಾಕಾದ ಕಾರಣವೇ? ನಾನು ಆ ದಿನ ಹೌದು ಎಂದು ನಂಬಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ಯಾಕೆ ಉಳಿದಿಲ್ಲ ಎಂಬುದನ್ನು ನನ್ನಂತೆ ಕರಪತ್ರ ಹಂಚಿದ ಗೆಳೆಯರ ಮುಂದೆ ಇಡುವುದಷ್ಟೇ ಇಲ್ಲಿನ ಉದ್ದೇಶ.

2

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಓಟಿನ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ವಿಮರ್ಶೆಯ ಬುಡದಲ್ಲಿರುವುದು ಇಷ್ಟ ಮತ್ತು ಅನಿಷ್ಟ ಎಂಬ ಎರಡು ಮಾತುಗಳೇ ಅಲ್ಲವೆ? ಇದು ಹಿಡಿಸಿತು, ಇದು ಹಿಡಿಸಲಿಲ್ಲ ಎನ್ನುವುದಕ್ಕೆ ನಮ್ಮ ವಿಮರ್ಶೆ ಬಹಳ ಕಾಲ 'ಅಭಿರುಚಿ' ಎಂಬ ದೊಡ್ಡ ಹೆಸರು ಕೊಟ್ಟುಕೊಂಡು ಬಂತು. ಈ ರುಚಿ ಯಾರ ಅಡುಗೆ ಮನೆಯಲ್ಲಿ ಹುಟ್ಟಿದ್ದು, ಈ ಅರುಚಿ ಯಾರ ತಟ್ಟೆಯನ್ನು ನೋಡಿ ಬಂದದ್ದು ಎಂದು ಕೇಳಿದ್ದೇ ದಲಿತ ವಿಮರ್ಶೆಯ ಮೊದಲ ಕೆಲಸ. ಕತೆ ಕವಿತೆಗಳ ಬಗ್ಗೆ ಕೇಳಿದ ಈ ಪ್ರಶ್ನೆಯನ್ನು ನಾಯಕರ ಬಗ್ಗೆ ಇರುವ ಇಷ್ಟಾನಿಷ್ಟಕ್ಕೂ ಕೇಳಬೇಕಾಗುತ್ತದೆ.

'ಕಂಡರಾಗದು' ಎಂಬ ಮಾತನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಇದನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಕಣ್ಣಿಗೆ ಬಿದ್ದರೆ ಸಾಕು, ಸಹಿಸಲಾಗದು ಎಂದು ಇದರ ಅರ್ಥ. ಮುಟ್ಟಿದರೆ ಮಾತ್ರವಲ್ಲ, ಕಂಡರೂ ಮೈಲಿಗೆ ಎಂಬ ಪದ್ಧತಿ ಇದ್ದ ದೇಶದಲ್ಲಿ ಈ ಮಾತು ಅಷ್ಟು ಮುಗ್ಧವಾಗಿರಲು ಸಾಧ್ಯವಿಲ್ಲ. ನಮ್ಮನ್ನು ಕಂಡರಾಗದವರು ಎಂದಾದರೂ ಕಾರಣ ಕೊಟ್ಟಿದ್ದಾರೆಯೆ? ಕಾರಣ ಕೇಳಿದಾಗಲೆಲ್ಲ ಒಂದೊಂದು ಹೊಸ ಕಾರಣ ಹುಟ್ಟುತ್ತದೆ. ಕೊಳಕು ಅಂದರು, ಸ್ನಾನ ಮಾಡಿದೆವು. ಓದಿಲ್ಲ ಅಂದರು, ಓದಿದೆವು. ಓದಿದ ಮೇಲೆ ಕೊಬ್ಬು ಅಂದರು. ಹಗೆಯ ಸ್ವಭಾವವೇ ಅದು. ಮೊದಲು ಅದು ಹುಟ್ಟುತ್ತದೆ, ಕಾರಣಗಳು ಆಮೇಲೆ ಬಂದು ಸೇರಿಕೊಳ್ಳುತ್ತವೆ.

1973ರಲ್ಲಿ ನಡೆದದ್ದನ್ನು ನೆನೆಯಬೇಕು. ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಸಾಹಿತ್ಯದ ಬಗ್ಗೆ ಒಬ್ಬ ಓದುಗ ಹೇಳಿದ ಖಾರವಾದ ವಿಮರ್ಶೆ ಅದು. ಉತ್ತರ ಕೊಡಬೇಕಿದ್ದರೆ ಲೇಖನ ಬರೆದು ಕೊಡಬಹುದಿತ್ತು. ಬಂದದ್ದು ಕಲ್ಲು. ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ಬೂಸಾ ಎಂಬ ಒಂದು ಮಾತು ಆಡದಿದ್ದರೆ ಅವರನ್ನು ಎಲ್ಲರೂ ಒಪ್ಪಿಬಿಡುತ್ತಿದ್ದರೆ? ಕಂಡರಾಗದಿಕೆ ಮೊದಲೇ ಇತ್ತು, ಅದಕ್ಕೆ ಒಂದು ನೆಪ ಬೇಕಿತ್ತು. ಆ ಪೆಟ್ಟಿನಿಂದ ಎದ್ದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು ಬೇರೆ ಮಾತು.

ಆದ್ದರಿಂದ ನಾನು ಸಿಟ್ಟನ್ನೂ ಕಂಡರಾಗದಿಕೆಯನ್ನೂ ಬೇರೆ ಮಾಡಿ ನೋಡುತ್ತೇನೆ. ಸಿಟ್ಟಿಗೆ ಲೆಕ್ಕ ಇರುತ್ತದೆ. ಕೂಲಿ ಕೊಡದ ಗೌಡನ ಮೇಲೆ ಆಳಿಗೆ ಸಿಟ್ಟು. ಎಷ್ಟು ದಿನದ ಕೂಲಿ, ಎಷ್ಟು ರೂಪಾಯಿ ಅಂತ ಕೇಳಿದರೆ ಅವನು ಹೇಳಬಲ್ಲ. ಕೊಟ್ಟರೆ ಆ ಸಿಟ್ಟು ಇಳಿಯುತ್ತದೆ. ಕಂಡರಾಗದಿಕೆಗೆ ಇಂಥ ಲೆಕ್ಕವಿಲ್ಲ. ನಾಯಕನ ಮಾತಿನ ಧಾಟಿ, ಉಟ್ಟ ಬಟ್ಟೆ, ಇಂಗ್ಲಿಷು ಬಾರದಿರುವುದು, ಕೈಯಲ್ಲಿ ಹಿಡಿದ ಚೀಲ ಎಲ್ಲವೂ ಅದಕ್ಕೆ ಮೇವು. ಮಾಯಾವತಿಯವರ ಕೈಚೀಲದ ಬಗ್ಗೆ ನಕ್ಕಷ್ಟು ಈ ದೇಶದ ಓದಿದ ವರ್ಗ ಯಾವ ದೊಡ್ಡ ಜಾತಿಯ ನಾಯಕನ ಶೋಕಿಯ ಬಗ್ಗೆ ನಕ್ಕಿದೆ? ಅವರ ಆಡಳಿತದ ಲೆಕ್ಕ ಕೇಳಬೇಕಾದ್ದು ಬೇಕಾದಷ್ಟಿತ್ತು. ಅದನ್ನು ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಈ ರೋಗ ನಮ್ಮೊಳಗೂ ಇದೆ, ಅದನ್ನು ಮುಚ್ಚಿಡಬಾರದು. ಬಲಗೈಯವರ ನಾಯಕನನ್ನು ಕಂಡರೆ ಎಡಗೈಯವರಿಗೆ ಆಗದು, ಎಡಗೈಯವರ ನಾಯಕನನ್ನು ಕಂಡರೆ ಬಲಗೈಯವರಿಗೆ ಆಗದು ಎಂಬುದನ್ನು ಎಲ್ಲ ಪಕ್ಷಗಳೂ ಚೆನ್ನಾಗಿ ಓದಿಕೊಂಡಿವೆ. ಒಳಮೀಸಲಾತಿಗಾಗಿ ಸದಾಶಿವ ಆಯೋಗ ನೇಮಕವಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ. ಅದಾದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾವ ಪಕ್ಷ ಬಂದರೂ ವರದಿ ಕಪಾಟಿನಲ್ಲೇ ಇತ್ತು. ನ್ಯಾಯವಾದ ಒಂದು ಸಿಟ್ಟನ್ನು ಪರಸ್ಪರ ಕಂಡರಾಗದಿಕೆಯಾಗಿ ತಿರುಗಿಸಿ ಎರಡು ಕಡೆಯಿಂದಲೂ ಓಟು ಎತ್ತಿಕೊಂಡವರು ಯಾರೆಂದು ನಾವಿನ್ನೂ ಒಟ್ಟಿಗೆ ಕೂತು ಮಾತಾಡಿಲ್ಲ.

3

ಈ ವಿಚಾರದಲ್ಲಿ ಬಾಬಾಸಾಹೇಬರ ಹಾದಿ ಯಾವುದಿತ್ತು? 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರ ಜನ್ಮದಿನದಂದು ಅವರು ಮಾಡಿದ ಭಾಷಣ 'ರಾನಡೆ, ಗಾಂಧಿ ಮತ್ತು ಜಿನ್ನಾ' ಎಂಬ ಪುಸ್ತಕವಾಗಿ ಬಂತು. ಅದರ ಮುನ್ನುಡಿಯಲ್ಲಿ ಅವರು ತಮ್ಮ ಮೇಲಿದ್ದ ದೂರಿಗೆ ಉತ್ತರ ಕೊಡುತ್ತಾರೆ. ಗಾಂಧಿ ಮತ್ತು ಜಿನ್ನಾ ಇಬ್ಬರ ಬಗ್ಗೆಯೂ ತಮಗೆ ಅಪ್ರೀತಿ ಇದೆ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಆದರೆ ಅದು ದ್ವೇಷವಲ್ಲ ಎಂದು ಗೆರೆ ಎಳೆಯುತ್ತಾರೆ. ಆ ಅಪ್ರೀತಿಗೂ ಅವರು ಕೊಡುವ ಕಾರಣ ದೇಶದ ಮೇಲಿನ ಪ್ರೀತಿ. ಒಬ್ಬ ನಾಯಕನನ್ನು ಇಷ್ಟಪಡದಿರುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಆ ಅನಿಷ್ಟಕ್ಕೆ ಕಾರಣ ಕೊಡುವ ಹೊಣೆಯಿಂದಲೂ ಜಾರಿಕೊಳ್ಳಲಿಲ್ಲ.

ಮುಖ್ಯವಾದದ್ದು ಅವರು ಆಮೇಲೆ ಏನು ಮಾಡಿದರು ಎಂಬುದು. ಗಾಂಧಿಯವರ ಮೇಲಿನ ಅಸಮಾಧಾನ ಅವರನ್ನು ಜಿನ್ನಾ ಮಡಿಲಿಗೆ ಹಾಕಬೇಕಿತ್ತು, ನಮ್ಮ ಇವತ್ತಿನ ತರ್ಕ ಹಿಡಿದರೆ. 1939ರ ಡಿಸೆಂಬರ್ 22ರಂದು, ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ ಜಿನ್ನಾ ಕರೆ ಕೊಟ್ಟ 'ವಿಮೋಚನಾ ದಿನ'ದಲ್ಲಿ ಬಾಬಾಸಾಹೇಬರೂ ಮುಂಬಯಿಯಲ್ಲಿ ವೇದಿಕೆ ಹತ್ತಿದ್ದರು. ಅಲ್ಲಿಗೆ ನಿಂತಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಇಬ್ಬರ ಅಹಮಿಕೆಯನ್ನೂ ಎತ್ತಿ ಹೇಳಿದರು. 1945ರಲ್ಲಿ ಬಂದ ಪುಸ್ತಕದ ಹೆಸರೇ ನೋಡಿ: ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಏನು ಮಾಡಿದ್ದಾರೆ ಎಂಬುದು ಅದರ ಪ್ರಶ್ನೆ. ಏನು ಮಾಡಿದ್ದಾರೆ! ನಮ್ಮಜ್ಜಿ ಕೇಳಿದ್ದೂ ಅದನ್ನೇ. ಅದು ಲೆಕ್ಕದ ಪುಸ್ತಕ, ಹಗೆಯ ಪುಸ್ತಕವಲ್ಲ.

ಆ ಪುಸ್ತಕ ಬಂದು ಎರಡೇ ವರ್ಷಕ್ಕೆ, 1947ರಲ್ಲಿ, ಅದೇ ಕಾಂಗ್ರೆಸ್ ಮುಂದಾಳತ್ವದ ಸರ್ಕಾರದಲ್ಲಿ ಅವರು ಕಾನೂನು ಮಂತ್ರಿಯಾದರು. ಅಲ್ಲಿ ಮಾಡಬೇಕಾದ ಕೆಲಸ ಇತ್ತು. ಕೆಲಸ ಮಾಡಲು ಬಿಡದಿದ್ದಾಗ, ಹಿಂದೂ ಕೋಡ್ ಬಿಲ್ಲು ಮೂಲೆಗೆ ಬಿದ್ದಾಗ, 1951ರಲ್ಲಿ ರಾಜೀನಾಮೆ ಬಿಸಾಕಿ ಹೊರಬಂದರು. ಒಳಗೆ ಹೋದದ್ದಕ್ಕೂ ಕಾರಣವಿತ್ತು, ಹೊರಗೆ ಬಂದದ್ದಕ್ಕೂ ಕಾರಣವಿತ್ತು. ನೆಹರೂ ಇಷ್ಟವಾದರೇ ಇಲ್ಲವೇ ಎಂಬುದು ಈ ಎರಡರಲ್ಲಿ ಯಾವುದನ್ನೂ ತೀರ್ಮಾನಿಸಲಿಲ್ಲ.

ಇದರ ಪಕ್ಕದಲ್ಲಿ ಜೋಗೇಂದ್ರನಾಥ ಮಂಡಲರ ಬದುಕನ್ನು ಇಟ್ಟು ನೋಡಿದರೆ ಮನಸ್ಸು ಭಾರವಾಗುತ್ತದೆ. 1946ರಲ್ಲಿ ಬಾಬಾಸಾಹೇಬರು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಬರಲು ನೆರವಾದ ದಲಿತ ನಾಯಕ ಅವರು. ಮೇಲ್ಜಾತಿ ಕಾಂಗ್ರೆಸ್ಸಿನ ಎದುರು ಮುಸ್ಲಿಂ ಲೀಗಿನ ಜೊತೆ ನಿಂತರು, ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯೂ ಆದರು. 1950ರ ಅಕ್ಟೋಬರಿನಲ್ಲಿ, ಪೂರ್ವ ಬಂಗಾಳದ ತಮ್ಮ ಜನರ ಮೇಲಿನ ಹಿಂಸೆಯನ್ನು ಪಟ್ಟಿ ಮಾಡಿ ರಾಜೀನಾಮೆ ಕೊಟ್ಟು ಕಲಕತ್ತೆಗೆ ವಾಪಸಾದರು. ಅವರದು ಬರೀ ಹಗೆಯ ರಾಜಕಾರಣ ಎಂದರೆ ಅನ್ಯಾಯವಾಗುತ್ತದೆ. ಬಡ ಮುಸ್ಲಿಂ ರೈತನಿಗೂ ನಾಮಶೂದ್ರ ರೈತನಿಗೂ ಜಮೀನ್ದಾರ ಒಬ್ಬನೇ ಎಂಬ ಸರಿಯಾದ ಗ್ರಹಿಕೆ ಅದರ ಹಿಂದಿತ್ತು. ಆದರೆ ಎದುರಾಳಿಯ ಎದುರಾಳಿ ನಾಳೆ ಅಧಿಕಾರ ಹಿಡಿದಾಗ ತನ್ನ ಜನಕ್ಕೆ ಏನಾಗುತ್ತಾನೆ ಎಂಬ ಪ್ರಶ್ನೆಗೆ ಅವರ ಬಳಿ ಖಾತರಿ ಇರಲಿಲ್ಲ. ಅದರ ಬೆಲೆಯನ್ನು ತೆತ್ತವರು ನಾಯಕರಿಗಿಂತ ಹೆಚ್ಚಾಗಿ ಹಿಂಬಾಲಿಸಿದ ಜನ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಕೊಟ್ಟ ಎಚ್ಚರಿಕೆ ಎಲ್ಲರಿಗೂ ಗೊತ್ತು: ಧರ್ಮದಲ್ಲಿ ಭಕ್ತಿ ಏನಾದರೂ ಆಗಿರಲಿ, ರಾಜಕಾರಣದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದರು. ಭಕ್ತರನ್ನು ಹೀಗಳೆಯಲು ಈ ಮಾತನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಹಗೆಯೂ ಒಂದು ಭಕ್ತಿಯೇ ಎಂಬುದನ್ನು ಮರೆಯುತ್ತೇವೆ. ಹರಿಕಥೆಯವರು ಹೇಳುವ ಜಯವಿಜಯರ ಕತೆಯಲ್ಲಿ ಇದು ಸರಿಯಾಗಿ ಬಂದಿದೆ. ಭಕ್ತರಾಗಿ ಏಳು ಜನ್ಮವೋ ವೈರಿಗಳಾಗಿ ಮೂರು ಜನ್ಮವೋ ಎಂದು ಕೇಳಿದರೆ ಅವರು ವೈರವನ್ನೇ ಆರಿಸಿಕೊಂಡರಂತೆ, ಯಾಕೆಂದರೆ ಅದು ಒಡೆಯನ ಪಾದಕ್ಕೆ ಹತ್ತಿರದ ದಾರಿ. ಹಿರಣ್ಯಕಶಿಪು ಎದ್ದರೂ ಕೂತರೂ ಹರಿಯನ್ನೇ ನೆನೆಯುತ್ತಿದ್ದ. ಇವತ್ತು ನಮ್ಮ ಸಭೆಗಳಲ್ಲಿ ಒಬ್ಬ ನಾಯಕನ ಹೆಸರು ಎಷ್ಟು ಸಲ ಬರುತ್ತದೆ, ನಮ್ಮ ಕೇರಿಗಳ ಹೆಸರು ಎಷ್ಟು ಸಲ ಬರುತ್ತದೆ ಎಂದು ಯಾರಾದರೂ ಎಣಿಸಿದರೆ ನಾವು ಎಂಥ ಭಕ್ತರು ಎಂಬುದು ತಿಳಿದೀತು.

4

ಕರ್ನಾಟಕದ ಮಟ್ಟಿಗೆ ಇದಕ್ಕೆ ದೊಡ್ಡ ಪಾಠ ಎರಡು ಚುನಾವಣೆಗಳಲ್ಲಿದೆ: 1977ರದು ಮತ್ತು 1983ರದು. ನಾನು ಆಗ ಹುಟ್ಟಿರಲಿಲ್ಲ. ಆದರೆ ಅವುಗಳ ಫಲವನ್ನು ಉಣ್ಣುತ್ತಾ ಬೆಳೆದವನು.

1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿತು. ರಾಯಬರೇಲಿಯಲ್ಲಿ ಅವರೇ ಸೋತರು. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಇದನ್ನು ಕನ್ನಡದ ಹಲವು ಬುದ್ಧಿಜೀವಿಗಳು ಜನರ ಅಜ್ಞಾನ ಎಂದು ಬಗೆದರು. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡವರ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇರಿಯ ಲೆಕ್ಕ ಬೇರೆಯಿತ್ತು. 1974ರ ಭೂಸುಧಾರಣೆ, ಜೀತವಿಮುಕ್ತಿ, ಸಾಲಮನ್ನಾ, ಹಾವನೂರು ಆಯೋಗ ಇವೆಲ್ಲ ಆಗ ಕಣ್ಣೆದುರಿಗಿದ್ದವು. ಭೂಸುಧಾರಣೆಯ ಹೆಚ್ಚಿನ ಪಾಲು ಗೇಣಿದಾರರಿಗೆ ಹೋಯಿತು. ಗೇಣಿಯೂ ಇಲ್ಲದೆ ಬರೀ ಕೂಲಿಯಾಗಿದ್ದ ದಲಿತರಿಗೆ ಸಿಕ್ಕಿದ್ದು ಕಡಿಮೆ. ಆದರೂ ಜನ ತಮಗೆ ಏನು ಸಿಕ್ಕಿತು, ಏನು ಸಿಗಬಹುದು ಎಂದು ನೋಡಿ ಓಟು ಹಾಕಿದರು. ಅದು ಅಜ್ಞಾನವಲ್ಲ, ಲೆಕ್ಕ.

ದೆಹಲಿಯಲ್ಲಿ ಏನಾಯಿತು? ಇಂದಿರಾರನ್ನು ಕಂಡರಾಗದವರೆಲ್ಲ ಒಂದೇ ಗೂಟಕ್ಕೆ ಕಟ್ಟಿಕೊಂಡರು. ಚುನಾವಣೆಗೆ ಮುಂಚೆ ಕಾಂಗ್ರೆಸ್ ಬಿಟ್ಟು ಬಂದು ಗಾಳಿಯನ್ನೇ ತಿರುಗಿಸಿದವರು ಬಾಬು ಜಗಜೀವನರಾಂ. ಪ್ರಧಾನಿ ಪಟ್ಟ ಕೊಡುವಾಗ ಅವರನ್ನು ಬದಿಗೆ ಸರಿಸಿ ಮೊರಾರ್ಜಿ ದೇಸಾಯಿಯವರನ್ನು ಕೂರಿಸಿದರು. ಆ ಸರ್ಕಾರ ಬಂದ ಎರಡೇ ತಿಂಗಳಿಗೆ, 1977ರ ಮೇನಲ್ಲಿ, ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಸುಟ್ಟು ಕೊಂದರು, ಅವರಲ್ಲಿ ಹೆಚ್ಚಿನವರು ದಲಿತರು. ಆನೆ ಮೇಲೆ ಕೂತು ಆ ಹಳ್ಳಿಗೆ ಹೋದವರು ಯಾರು? ಯಾರನ್ನು ಕಂಡರಾಗದು ಎಂದು ಓಡಿಸಿದ್ದರೋ ಆ ಇಂದಿರಾ. ಗೂಟ ಕಿತ್ತುಹೋಗಲು ಎರಡೂವರೆ ವರ್ಷವೂ ಹಿಡಿಯಲಿಲ್ಲ. 1980ರ ಜನವರಿಯಲ್ಲಿ ಅವರೇ ವಾಪಸು ಬಂದರು. ಹಗೆ ಜನರನ್ನು ಒಟ್ಟಿಗೆ ಸೇರಿಸುತ್ತದೆ, ಒಟ್ಟಿಗೆ ಇರಿಸಲಾರದು.

1983ರ ಕತೆ ನಮಗೆ ಇನ್ನೂ ಹತ್ತಿರದ್ದು. ಗುಂಡೂರಾವ್ ಎಂಬ ಮುಖ್ಯಮಂತ್ರಿಯನ್ನು ಕಂಡರಾಗದು ಎಂಬುದು ಆಗ ಇಡೀ ಕರ್ನಾಟಕದ ಭಾವನೆಯಾಗಿತ್ತು. ಅದಕ್ಕೆ ಗಟ್ಟಿಯಾದ ಕಾರಣಗಳೂ ಇದ್ದವು: ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು, ಗೋಕಾಕ್ ಚಳುವಳಿಯನ್ನು ನಡೆಸಿಕೊಂಡ ರೀತಿ, ಬಾಯಿಗೆ ಬಂದಂತೆ ಮಾತು. ರೈತಸಂಘ, ದಸಂಸ, ಭಾಷೆಯವರು, ಪತ್ರಿಕೆಯವರು ಎಲ್ಲರ ಸಿಟ್ಟೂ ಒಂದೆಡೆ ಹರಿಯಿತು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82 ಸ್ಥಾನ ಬಂದು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. 18 ಸ್ಥಾನ ಗೆದ್ದಿದ್ದ ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತು.

ಲೆಕ್ಕ ಬರೆಯುವುದಾದರೆ ಎರಡೂ ಕಡೆ ಬರೆಯಬೇಕು. ನಜೀರ್ ಸಾಬರು ನಿಂತು ಮಾಡಿಸಿದ ಪಂಚಾಯತ್ ರಾಜ್ಯ ಕಾನೂನು, 1987ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಚುನಾವಣೆ, ಹೆಂಗಸರಿಗೆ ಶೇ. 25ರಷ್ಟು ಮೀಸಲು, ಪರಿಶಿಷ್ಟರಿಗೆ ಮೀಸಲು ಸ್ಥಾನ ಇವು ಸಣ್ಣ ಮಾತಲ್ಲ. ಪಂಚಾಯಿತಿ ಕಟ್ಟೆಯಲ್ಲಿ ನಮ್ಮವರು ಕುರ್ಚಿ ಮೇಲೆ ಕೂತದ್ದು ಆಗ. ಇನ್ನೊಂದು ಕಡೆ, ವೆಂಕಟಸ್ವಾಮಿ ಆಯೋಗದ ವರದಿ 1986ರಲ್ಲಿ ಬಂದಾಗ ಬಲಿಷ್ಠ ಜಾತಿಗಳ ಗದ್ದಲಕ್ಕೆ ಅಂಜಿ ಅದನ್ನು ಅದೇ ಸರ್ಕಾರ ತಿರಸ್ಕರಿಸಿತು. ಅದೇ ವರ್ಷ ಮಾರ್ಚಿನಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಬೆತ್ತಲೆ ಮಾಡಿದರು. 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರಿಗೆ ಮಲ ತಿನ್ನಿಸಿದರು. ಗುಂಡೂರಾವ್ ಹೋಗಿ ನಾಲ್ಕು ವರ್ಷವಾಗಿತ್ತು.

ಮುಂದೆಯೂ ಹೀಗೇ. 1989ರಲ್ಲಿ ಜನತಾದವರನ್ನು ಕಂಡರಾಗದೆ ಕಾಂಗ್ರೆಸ್ಸಿಗೆ 178 ಸ್ಥಾನ ಕೊಟ್ಟೆವು. 1993ರ ಮಾರ್ಚಿನಲ್ಲಿ ಬದನವಾಳುವಿನಲ್ಲಿ ಮೂವರು ದಲಿತರ ಕೊಲೆಯಾಯಿತು. 1994ರಲ್ಲಿ ಕಾಂಗ್ರೆಸ್ಸನ್ನು ಕಂಡರಾಗದೆ ಜನತಾದಳ, 1999ರಲ್ಲಿ ಜನತಾದಳವನ್ನು ಕಂಡರಾಗದೆ ಮತ್ತೆ ಕಾಂಗ್ರೆಸ್ಸು. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆಪಾದಿತರೆಲ್ಲ ಖುಲಾಸೆಯಾದರು, ಆಗ ಇದ್ದದ್ದು ಇನ್ನೊಂದು ಸರ್ಕಾರ. ಈ ಊರುಗಳ ಹೆಸರನ್ನು ಸಾಲಾಗಿ ಬರೆದು ಪಕ್ಕದಲ್ಲಿ ಆಯಾ ಕಾಲದ ಮುಖ್ಯಮಂತ್ರಿಗಳ ಹೆಸರು ಬರೆದರೆ, ವಿಧಾನಸೌಧದ ಹೆಸರು ಬದಲಾಗುತ್ತ ಹೋಗುತ್ತದೆ, ಊರ ಗೌಡಿಕೆ ಬದಲಾಗುವುದಿಲ್ಲ. ಎಲ್ಲ ಪಕ್ಷಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆ ಮಾತು ಸೋಮಾರಿಗಳದು. 1974ರ ಕಾನೂನೂ 1983ರ ಕಾನೂನೂ ಬೇರೆ ಬೇರೆ ಪಕ್ಷದವರು ಮಾಡಿದ್ದು, ಎರಡರಿಂದಲೂ ಬದುಕು ಅಷ್ಟಿಷ್ಟು ಬದಲಾಗಿದೆ. ನಾನು ಹೇಳುತ್ತಿರುವುದು ಇಷ್ಟೆ: ಹೊಸಬ ಬಂದಾಗ ನಮ್ಮ ಕೈಯಲ್ಲಿ ಹಳಬನ ಮೇಲಿನ ಹಗೆಯೊಂದೇ ಇದ್ದರೆ, ಹೊಸಬನಿಂದ ಏನನ್ನೂ ಪಡೆಯಲು ಅದು ಸಾಲುವುದಿಲ್ಲ.

5

ಇಲ್ಲಿ ಗೆಳೆಯರು ಕೇಳುವ ಪ್ರಶ್ನೆ ನನಗೆ ಗೊತ್ತು. ಮನೆಗೆ ಬೆಂಕಿ ಬಿದ್ದಾಗ ನೀರು ತಂದವನ ಗೋತ್ರ ಕೇಳುತ್ತೀಯಾ? ಮೊದಲು ಬೆಂಕಿ ಆರಬೇಡವೇ? ಸಂವಿಧಾನವನ್ನೇ ಬದಲಾಯಿಸುತ್ತೇವೆ ಅನ್ನುವವರು ಎದುರಿಗಿದ್ದಾಗ ಇಷ್ಟೆಲ್ಲ ಲೆಕ್ಕ ಹಾಕುತ್ತ ಕೂರುವುದು ಐಷಾರಾಮ ಅಲ್ಲವೆ?

ಈ ಪ್ರಶ್ನೆಯಲ್ಲಿ ಸತ್ಯವಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ನಾನೂರು ಸ್ಥಾನ ಎಂಬ ಕೂಗು ಎದ್ದಾಗ, ಅಷ್ಟು ಸ್ಥಾನ ಯಾಕೆ ಬೇಕು ಎಂದು ಕೇರಿಗಳು ಕೇಳಿದವು. ಆಳುವ ಪಕ್ಷದ ಕೆಲವು ನಾಯಕರೇ ಸಂವಿಧಾನ ಬದಲಾವಣೆಯ ಮಾತಾಡಿದ್ದರು. ಬಂದದ್ದು 240. ಅದರಲ್ಲಿ ಉತ್ತರ ಪ್ರದೇಶದ ದಲಿತರ ಓಟಿನ ಪಾಲೂ ಇದೆ. ಆದರೆ ಆ ಓಟನ್ನು ಒಬ್ಬ ನಾಯಕನನ್ನು ಕಂಡರಾಗದೆ ಹಾಕಿದ ಓಟು ಎಂದು ಕರೆಯುವುದು ತಪ್ಪು. ಅದು ಭಯದಿಂದ ಬಂದ ಓಟು, ಭಯಕ್ಕೆ ಆಧಾರವಿತ್ತು, ಕಾಪಾಡಿಕೊಳ್ಳಬೇಕಾದ ವಸ್ತು ಕೈಯಲ್ಲಿತ್ತು. ಸಿಟ್ಟಿನಂತೆ ಇಂಥ ಭಯಕ್ಕೂ ಲೆಕ್ಕವಿದೆ. ಇಳಿಸುವ ಅಧಿಕಾರ ಬಡವನ ಓಟಿಗಿರುವ ದೊಡ್ಡ ಅಧಿಕಾರ, ಅದನ್ನು ನಾನು ಕಡೆಗಣಿಸುವುದಿಲ್ಲ.

ನನ್ನ ತಕರಾರು ಇರುವುದು ಬೆಂಕಿ ಆರಿಸುವುದರ ಬಗ್ಗೆ ಅಲ್ಲ, ಬೆಂಕಿ ಆರಿದ ಮೇಲೆ ನೀರು ತಂದವನಿಗೆ ಮನೆಯನ್ನೇ ಬರೆದುಕೊಡುವುದರ ಬಗ್ಗೆ. ಯಾರನ್ನೋ ಇಳಿಸಲು ಹಾಕಿದ ಓಟಾದರೂ ಅದು ಇನ್ನೊಬ್ಬನನ್ನು ಏರಿಸುತ್ತದೆ. ಓಟಿನ ಯಂತ್ರದಲ್ಲಿ ಇಳಿಸುವ ಗುಂಡಿ ಬೇರೆ ಏರಿಸುವ ಗುಂಡಿ ಬೇರೆ ಅಂತಿಲ್ಲ. 'ನೋಟಾ' ಒತ್ತಿದರೂ ಉಳಿದವರಲ್ಲಿ ಹೆಚ್ಚು ಓಟು ಪಡೆದವನೇ ಗೆಲ್ಲುತ್ತಾನೆ. ಏರಿದವನಿಗೆ ನಮ್ಮ ಓಟು ಹಗೆಯಿಂದ ಬಂದದ್ದು ಎಂದು ಗೊತ್ತಾದರೆ ಅವನು ನಿಶ್ಚಿಂತ. ಇವರು ಎಲ್ಲಿಗೆ ಹೋದಾರು, ಆ ಕಡೆ ಹೋಗಲಾರರು ಎಂದುಕೊಳ್ಳುತ್ತಾನೆ.

2023ರ ಮೇಲೆ ನಡೆದದ್ದಕ್ಕೆ ಒಂದು ಉದಾಹರಣೆ ಸಾಕು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣವನ್ನು ಅವರಿಗೇ ಖರ್ಚು ಮಾಡಬೇಕೆಂಬ ಕಾನೂನು 2013ರಲ್ಲಿ ಬಂತು. ಹಿಂದಿನ ಸರ್ಕಾರ ಅದರ 7(ಡಿ) ಎಂಬ ಸಂದಿಯಲ್ಲಿ ಹಣವನ್ನು ಬೇರೆ ಕಾಮಗಾರಿಗೆ ಹರಿಸಿದಾಗ ನಾವೆಲ್ಲ ಬೀದಿಯಲ್ಲಿದ್ದೆವು. ಹೊಸ ಸರ್ಕಾರ ಆ ಕಲಮನ್ನು ತೆಗೆದುಹಾಕಿತು, ಅದು ಒಳ್ಳೆಯದೇ. ಆದರೆ 2023-24ರಲ್ಲಿ ಅದೇ ಹಣದಿಂದ 11 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ಕೊಟ್ಟಿತು. ಗ್ಯಾರಂಟಿಯ ಫಲ ದಲಿತರಿಗೂ ಸಿಗುತ್ತದಲ್ಲ ಎಂದು ಸಮರ್ಥನೆ. ಎಲ್ಲ ನಾಗರಿಕರಿಗೂ ಸಿಗುವುದನ್ನು ನಮಗೆ ಕೊಡಲು ನಮ್ಮ ಪಾಲಿನ ಗಂಟನ್ನೇ ಬಿಚ್ಚಬೇಕೆ? ಈ ಪ್ರಶ್ನೆಯನ್ನು ಕೆಲವರು ಕೇಳಿದರು, ನಿಜ. ಆದರೆ ಹಿಂದೆ ಬೀದಿಯಲ್ಲಿದ್ದ ಹಲವರು "ಈಗ ಇದನ್ನು ಎತ್ತಿದರೆ ಅವರಿಗೆ ಅನುಕೂಲವಾಗುತ್ತೆ" ಅಂತ ದನಿ ತಗ್ಗಿಸಿದರು. ನಾನೂ ತಗ್ಗಿಸಿದೆ. ಹಗೆಗೆ ಕೊಡುವ ನಿಜವಾದ ಬೆಲೆ ಇದು. ಅದು ಎದುರಾಳಿಯ ಬಾಯಿ ಕಟ್ಟುವ ಮೊದಲು ನಮ್ಮ ಬಾಯಿ ಕಟ್ಟುತ್ತದೆ.

ಹಾಗಾದರೆ ದಾರಿ ಯಾವುದು? ನಮ್ಮದೇ ಸಾಹಿತ್ಯ ಚರಿತ್ರೆಯಲ್ಲಿ ಒಂದು ನೆನಪಿದೆ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಿ ಎಂದರೆ ಪರಿಷತ್ತು ಒಪ್ಪಲಿಲ್ಲ. ನಮ್ಮ ಹಿರಿಯರಿಗೆ ಪರಿಷತ್ತನ್ನು ಕಂಡರಾಗಲಿಲ್ಲ, ಸಹಜ. ಆದರೆ ಅವರು ಪರಿಷತ್ತಿನ ಎದುರಾಳಿ ಯಾರಿದ್ದಾರೆ, ಅವರ ಚಪ್ಪರದಲ್ಲಿ ಜಾಗ ಸಿಗಬಹುದೇ ಎಂದು ಹುಡುಕಿಕೊಂಡು ಹೋಗಲಿಲ್ಲ. ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತಾವೇ ಚಪ್ಪರ ಹಾಕಿದರು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಹಾಗೆ. ಅದರ ಮುಂದಿನ ಕತೆಯಲ್ಲಿ ಜಗಳ ಒಡಕುಗಳಿವೆ, ಇರಲಿ. ಒಲ್ಲೆ ಎಂಬುದರ ಜೊತೆಗೆ ಬೇಕು ಎಂಬುದೂ ಇದ್ದದ್ದರಿಂದಲೇ ಅಲ್ಲಿಂದ ಸಾಹಿತ್ಯ ಬಂತು.

ರಾಜಕಾರಣದಲ್ಲಿ ಇದರ ಅರ್ಥ ಪ್ರತಿ ಕೇರಿಯೂ ಒಂದು ಪಕ್ಷ ಕಟ್ಟಬೇಕೆಂದಲ್ಲ. ಓಟು ಯಾರಿಗೇ ಹೋಗಲಿ, ಅದರ ಜೊತೆ ಒಂದು ಕರಾರು ಹೋಗಬೇಕು. ಮೂರು ಸಾಲಿನದಾದರೂ ಸಾಕು: ಸುಡುಗಾಡಿನ ದಾರಿ, ಹಾಸ್ಟೆಲಿನ ಸೀಟು, ನಮ್ಮ ಪಾಲಿನ ಹಣದ ಲೆಕ್ಕ. ಕೇರಿಯ ಮುಂದೆ ಎಲ್ಲರಿಗೂ ಕೇಳುವಂತೆ ಅವನಿಂದ ಹೌದೆನ್ನಿಸಬೇಕು. ಗೆದ್ದ ಆರು ತಿಂಗಳಿಗೆ ಮತ್ತೆ ಅದೇ ಕಟ್ಟೆಯ ಮೇಲೆ ಕೂರಿಸಿ ಕೇಳಬೇಕು. ಕರಾರು ಮಾಡಲು ಒಪ್ಪದವನು ನಮ್ಮ ವೈರಿಯ ವೈರಿಯಾದರೂ ನಮ್ಮ ನೆಂಟನೇನಲ್ಲ. ಓಟು ಹಾಕಲೇಬೇಕಾಗಿ ಬಂದರೆ ಹಾಕೋಣ, ನೆಂಟಸ್ತನ ಬೇಡ.

6

ಇದನ್ನೆಲ್ಲ ನಾನು 2023ರಲ್ಲೇ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ನಾವು ಇಳಿಸಬೇಕೆಂದವರು ಇಳಿದರು. ಗೆದ್ದವರ ಮೆರವಣಿಗೆ ಕೇರಿಯ ಬಾಯಿಗೆ ಬಂದು ತಿರುಗಿಕೊಂಡು ಹೋಯಿತು. ಆಮೇಲೆ ಕೇಳುತ್ತೇವೆ ಅಂದಿದ್ದವನು ನಾನು. ಕಾಲೇಜು, ಪರೀಕ್ಷೆ, ವಿಚಾರ ಸಂಕಿರಣ ಅಂತ ಎರಡು ವರ್ಷ ಹೋಯಿತು. ಸಂಕಿರಣಗಳಲ್ಲಿ ಪ್ರಜಾಪ್ರಭುತ್ವದ ಬಗ್ಗೆ ನಾನೂ ಮಾತಾಡಿದ್ದೇನೆ.

ಹೋದ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಹೊಲದಲ್ಲಿ ಬೆಳೆ ನಿಂತಿತ್ತು. ಹೊಲದೊಡೆಯನ ಮನೆ ಬಾಗಿಲಿಗೆ ನಮ್ಮಪ್ಪನೂ ನಾನೂ ಹೋಗಿ ನಿಂತು ಕೇಳಿಕೊಂಡೆವು. ಅವರು ಸ್ವಲ್ಪ ಹೊತ್ತು ಕಾಯಿಸಿ, ಬದುವಿನ ಮೇಲೆಯೇ ಹೋಗಬೇಕು, ಬೆಳೆ ತುಳಿಯಬಾರದು ಅಂದು ಒಪ್ಪಿದರು. ನಾಲ್ಕು ಜನ ಸಾಲಾಗಿ ನಡೆಯಲಾಗದಷ್ಟು ಸಣ್ಣ ಬದು. ಮುಂದೆ ಇಬ್ಬರು ಹಿಂದೆ ಇಬ್ಬರು, ಕೆಸರಲ್ಲಿ ಕಾಲು ಜಾರುತ್ತಾ ಹೊತ್ತುಕೊಂಡು ಹೋದೆವು.

ಆ ಹೊಲದೊಡೆಯ ಯಾವ ಪಕ್ಷದವರು ಅಂತ ನಂಗೆ ಗೊತ್ತು. ನಾನು ಕರಪತ್ರ ಹಂಚಿ ಗೆಲ್ಲಿಸಿದ ಪಕ್ಷದವರೇ.

ಈ ತಿಂಗಳ ಕೊನೆಗೆ ಕೇರಿಯವರೆಲ್ಲ ಕಟ್ಟೆಯ ಮೇಲೆ ಸೇರುವುದು ಅಂತಾಗಿದೆ. ದಾರಿಯ ಸರ್ವೆಗೆ ಅರ್ಜಿ ಬರೆದಿದ್ದೇವೆ. ಶಾಸಕರಿಗೂ ಒಂದು ಪ್ರತಿ, ಸೋತ ಅಭ್ಯರ್ಥಿಗೂ ಒಂದು ಪ್ರತಿ. ಈ ಸಲ ಕರಪತ್ರದಲ್ಲಿ ಯಾವ ನಾಯಕನ ಹೆಸರೂ ಇಲ್ಲ. ಸರ್ವೆ ನಂಬರು ಮಾತ್ರ ಇದೆ.